ಎರಡು ವರ್ಷ ದಾಟಿದ ಬಳಕೆಯ ನಂತರ: ಎನ್100 ಮಿನಿ ಪಿಸಿಯಲ್ಲಿ ಡಾಕರ್ ಮತ್ತು ಜೆಲ್ಲಿಫಿನ್

ಸಾಗರದ ನಮ್ಮ ಮನೆಯಲ್ಲಿ, ನಮ್ಮ ವಿಡಿಯೊಗಳನ್ನು ಒಂದೆಡೆ ಇಟ್ಟು ಪರದೆಗಳಿಗೆ ಕಳಿಸುವ ಜೆಲ್ಲಿಫಿನ್ ಮೀಡಿಯಾ ಸರ್ವರ್ 2023ರ ದೀಪಾವಳಿಯಿಂದ ಹಗಲು ರಾತ್ರಿ ನಡೆಯುತ್ತಿದೆ. ಟಿವಿಯ ಹಿಂದಿನ ಗೂಡಿನಲ್ಲಿ ಅಂಗೈಯಗಲದ ಒಂದು ಮಿನಿ ಪಿಸಿ, ಅದರೊಳಗೆ ಇಂಟೆಲ್ ಎನ್100 ಪ್ರೊಸೆಸರ್, 16 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್, ತಂತ್ರಾಂಶಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಕೋಣೆಗಳಲ್ಲಿ ನಡೆಸುವ ಡಾಕರ್, ಡಾಕರ್‌ನ ಒಂದು ಕಂಟೈನರ್ ಆಗಿ ಜೆಲ್ಲಿಫಿನ್. ಇಷ್ಟೇ ಸಲಕರಣೆ. ಪೆಟ್ಟಿಗೆಗೆ ನಾನು ಕೊಟ್ಟದ್ದು 16,500 ರೂಪಾಯಿ. ತಂತ್ರಾಂಶಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಕೊಂಡ ಮೊದಲ ವಾರದಲ್ಲಿ ಬರೆದಿದ್ದರೆ ಈ ವಿಮರ್ಶೆ ದೂರುಗಳಿಂದಲೇ ತುಂಬಿರುತ್ತಿತ್ತು. ನಾಲ್ಕು ಆವೃತ್ತಿಗಳನ್ನೂ ಎರಡು ಮಳೆಗಾಲಗಳನ್ನೂ ಕಂಡ ಮೇಲೆ, ಯಾವ ದೂರು ನನ್ನ ತಪ್ಪಿನಿಂದ ಹುಟ್ಟಿದ್ದು, ಯಾವುದು ನಿಜವಾದ ಕೊರತೆ ಎಂಬುದನ್ನು ಬೇರ್ಪಡಿಸಿ ಹೇಳಬಲ್ಲೆ ಎನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ನಮ್ಮ ಸಂಗ್ರಹದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಸರ್ವರ್ ಎಂಥದ್ದಿರಬೇಕು ಎಂಬುದನ್ನು ಸಂಗ್ರಹವೇ ತೀರ್ಮಾನಿಸುತ್ತದೆ. ಅಪ್ಪಯ್ಯ ಯಕ್ಷಗಾನದ ಹುಚ್ಚಿನವರು. ಸುತ್ತಲಿನ ಊರುಗಳಲ್ಲಿ ಆಟ ಆದಾಗಲೆಲ್ಲ ಮೇಳದವರ ಅನುಮತಿ ಪಡೆದು ಮಿನಿ ಡಿವಿ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡ 40 ಕ್ಯಾಸೆಟ್‌ಗಳು ನಮ್ಮಲ್ಲಿವೆ. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರಿಗೆ ಇಳಿದಾಗ ಸುಮಾರು 13 ಜಿಬಿ ಆಗುತ್ತದೆ. ಹಾಗಾಗಿ ಅವೇ ಅರ್ಧ ಟಿಬಿಗಿಂತ ಹೆಚ್ಚು ಜಾಗ ಹಿಡಿದಿವೆ. ಇದರ ಜೊತೆಗೆ ಅಕ್ಕನ ಮದುವೆಯ ಡಿವಿಡಿ, ಅದಕ್ಕೂ ಹಿಂದಿನ ಸಮಾರಂಭಗಳ ವಿಸಿಡಿಗಳು, ಹತ್ತು ವರ್ಷಗಳ ಫೋನ್ ವಿಡಿಯೊಗಳು, ಭಾವನ ಐಫೋನಿನಿಂದ ಬರುವ, ಬೆಳಕಿನ ಶ್ರೇಣಿ ವಿಶಾಲವಾಗಿರುವ ಎಚ್‌ಡಿಆರ್ ಚಿತ್ರಣಗಳು, ಮತ್ತು ನಾವು ಕೊಂಡಿಟ್ಟುಕೊಂಡ ಡಿಸ್ಕ್‌ಗಳು ಇವೆ. ಹೀಗೆ ಎಂಪೆಗ್-1, ಎಂಪೆಗ್-2, ಡಿವಿ, ಎಚ್.264, ಎಚ್‌ಇವಿಸಿ ಎಂಬ ಬೇರೆ ಬೇರೆ ವಿಡಿಯೊ ರೂಪಗಳೆಲ್ಲ ಒಂದೇ ಅಟ್ಟದ ಮೇಲೆ ಕೂತಂತಾಗಿದೆ.

ನೋಡುವ ಪರದೆಗಳೂ ಅಷ್ಟೇ ಬಗೆಬಗೆಯವು. ನನ್ನ ಫೋನ್ ಎಲ್ಲವನ್ನೂ ಆಡಿಸುತ್ತದೆ. ಅಮ್ಮ ಕೂತು ನೋಡುವ ಹಳೆಯ ಟಿವಿಗೆ ಸಿಕ್ಕಿಸಿರುವ ಸ್ಟ್ರೀಮಿಂಗ್ ಸ್ಟಿಕ್‌ಗೆ ಎಚ್.264 ಬಿಟ್ಟು ಹೊಸದೇನೂ ತಿಳಿಯದು. ಬೆಂಗಳೂರಿನಲ್ಲಿರುವ ಅಕ್ಕ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ನೋಡುತ್ತಾಳೆ. ಬ್ರೌಸರ್‌ಗಳು ಎಂಪೆಗ್-2 ಅನ್ನು ಆಡಿಸುವುದಿಲ್ಲವಾದ್ದರಿಂದ ಅವಳ ಮದುವೆಯ ಡಿವಿಡಿಯೇ ಅವಳಿಗೆ ನೇರವಾಗಿ ಸಿಗದು. ಇಂಥಲ್ಲಿ ಸರ್ವರ್ ಮೂಲ ವಿಡಿಯೊವನ್ನು ಓದಿ, ಬಿಚ್ಚಿ, ಎದುರಿನ ಪರದೆಗೆ ಅರ್ಥವಾಗುವ ರೂಪದಲ್ಲಿ ಆಗಿಂದಾಗಲೇ ಮತ್ತೆ ಕಟ್ಟಿ ಕಳಿಸಬೇಕಾಗುತ್ತದೆ. ಇದೇ ಟ್ರಾನ್ಸ್‌ಕೋಡಿಂಗ್. ಪ್ರೊಸೆಸರಿನ ಸಾಮಾನ್ಯ ಕೋರ್‌ಗಳಿಂದಲೇ ಇದನ್ನು ಮಾಡಿಸಲು ಹೋದರೆ ಬೆವರು ಕಿತ್ತುಬರುತ್ತದೆ. ಇದಕ್ಕೂ ಮುಂಚೆ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಪ್ರಯತ್ನಿಸಿದ್ದೆ. 4ಕೆ ಎಚ್‌ಇವಿಸಿ ವಿಡಿಯೊ ಹಚ್ಚಿದರೆ ಎಲ್ಲ ಕೋರ್‌ಗಳೂ 100 ಪ್ರತಿಶತ ದುಡಿದು, ಫ್ಯಾನ್ ಭೋರ್ಗರೆದು, ಕೊನೆಗೂ ಚಿತ್ರ ಎರಡು ಸೆಕೆಂಡು ಓಡಿ ಮೂರು ಸೆಕೆಂಡು ನಿಲ್ಲುತ್ತಿತ್ತು.

ಇಂಟೆಲ್‌ನ ಗ್ರಾಫಿಕ್ಸ್ ಭಾಗದಲ್ಲಿ ವಿಡಿಯೊ ಬಿಚ್ಚಲು ಮತ್ತು ಕಟ್ಟಲು ಮೀಸಲಾದ ಸರ್ಕ್ಯೂಟ್‌ಗಳಿರುತ್ತವೆ. ಕ್ವಿಕ್ ಸಿಂಕ್ ಎಂಬ ಈ ಸೌಲಭ್ಯ 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಿಂದಲೂ ಇದೆ. 2023ರ ಆರಂಭದಲ್ಲಿ ಬಂದ ಎನ್100 ಕೇವಲ 6 ವಾಟ್ ದರ್ಜೆಯ, ನಾಲ್ಕೇ ಸಣ್ಣ ಕೋರ್‌ಗಳ ಪ್ರೊಸೆಸರ್ ಆದರೂ ಅದರ ವಿಡಿಯೊ ಸರ್ಕ್ಯೂಟ್‌ಗಳು ಸಣ್ಣವಲ್ಲ: ಎಂಪೆಗ್-2, ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಎಲ್ಲವನ್ನೂ ಬಿಚ್ಚುತ್ತವೆ, ಎಚ್.264 ಮತ್ತು ಎಚ್‌ಇವಿಸಿ ಕಟ್ಟುತ್ತವೆ. ಎವಿ1 ಕಟ್ಟಲು ಮಾತ್ರ ಬರುವುದಿಲ್ಲ. ಮನೆಯ ಬಳಕೆಯಲ್ಲಿ ಅದರ ಅಗತ್ಯ ನನಗೆ ಒಮ್ಮೆಯೂ ಬಿದ್ದಿಲ್ಲ.

ಇನ್ನು ಅನುಸ್ಥಾಪನೆ. ನನ್ನ ಮೂರು ಸಂಜೆಗಳು ಕಳೆದುಹೋದದ್ದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ತಪ್ಪು, ಕೈಗೆ ಸಿಕ್ಕಿದ ಹಳೆಯ ಪೆನ್‌ಡ್ರೈವಿನಿಂದ ಡೆಬಿಯನ್ 11 ಹಾಕಿದ್ದು. ಅದರ 5.10 ಕರ್ನೆಲ್ (ಯಂತ್ರದ ಭಾಗಗಳನ್ನು ನಡೆಸುವ ಲಿನಕ್ಸ್ ತಿರುಳು) ಹುಟ್ಟಿದ ಕಾಲಕ್ಕೆ ಎನ್100 ಇರಲೇ ಇಲ್ಲ. ಹಾಗಾಗಿ ಗ್ರಾಫಿಕ್ಸ್ ಭಾಗವನ್ನು ಅದು ಗುರುತಿಸಲಿಲ್ಲ. ಲಿನಕ್ಸ್‌ನಲ್ಲಿ ಈ ಭಾಗ ‘ಡೆವ್’ ಕೋಶದೊಳಗಿನ ‘ಡಿಆರ್‌ಐ’ ಉಪಕೋಶದಲ್ಲಿ ‘ರೆಂಡರ್‌ಡಿ128’ ಎಂಬ ಹೆಸರಿನ ಸಾಧನವಾಗಿ ಕಾಣಿಸಿಕೊಳ್ಳಬೇಕು. ಅದು ಕಾಣದಿದ್ದರೆ ಮುಂದಿನ ಯಾವ ಹೆಜ್ಜೆಯೂ ಫಲ ಕೊಡುವುದಿಲ್ಲ. ಆದ್ದರಿಂದ ಡಾಕರ್ ಹಾಕುವುದಕ್ಕೂ ಮೊದಲು ಇದೊಂದನ್ನು ನೋಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. 6.1 ಕರ್ನೆಲ್ ಇರುವ ಡೆಬಿಯನ್ 12ಕ್ಕೆ ಏರಿಸಿದ ಕೂಡಲೇ ಸಾಧನ ಕಾಣಿಸಿಕೊಂಡಿತು. ಆದರೆ ಗ್ರಾಫಿಕ್ಸ್ ಭಾಗದೊಳಗೇ ನಡೆಯುವ ಸಣ್ಣ ತಂತ್ರಾಂಶವಾದ ಫರ್ಮ್‌ವೇರ್ ಬಂದಿರಲಿಲ್ಲ. ಡೆಬಿಯನ್ 12ರಲ್ಲಿ ಇಂಥ ಫರ್ಮ್‌ವೇರ್‌ಗಳನ್ನು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗಕ್ಕೆ ಸ್ಥಳಾಂತರಿಸಿದ್ದಾರೆ; ಹಳೆಯ ಆವೃತ್ತಿಯಿಂದ ಏರಿಸಿಕೊಂಡವರು ಆ ವಿಭಾಗದ ಹೆಸರನ್ನು ಪ್ಯಾಕೇಜ್ ಮೂಲಗಳ ಪಟ್ಟಿಗೆ ತಾವೇ ಸೇರಿಸಬೇಕು. ಹೊಸದಾಗಿಯೇ ಹಾಕಿಕೊಳ್ಳುವವರಿಗೆ ಈ ತೊಡಕು ಸಾಮಾನ್ಯವಾಗಿ ಬರುವುದಿಲ್ಲ.

ಎರಡನೆಯದು ಅನುಮತಿಯ ವಿಷಯ. ಕಂಟೈನರ್ ಎಂದರೆ ಒಳಗಿನ ತಂತ್ರಾಂಶಕ್ಕೆ ಹೊರಗಿನ ಯಂತ್ರ ಕಾಣದಂತೆ ಕಟ್ಟಿದ ಕೋಣೆ. ಯಾವ ಕೋಶ, ಯಾವ ಸಾಧನ ಒಳಗೆ ಕಾಣಬೇಕು ಎಂಬುದನ್ನು ಡಾಕರ್ ಓದುವ ಕಂಪೋಸ್ ಎಂಬ ಸೂಚನಾ ಕಡತದಲ್ಲಿ ನಾವೇ ಬರೆದು ಕೊಡಬೇಕು. ರೆಂಡರ್‌ಡಿ128 ಅನ್ನು ಸಾಧನಗಳ ಸಾಲಿನಲ್ಲಿ ಬರೆದೆ. ಜೆಲ್ಲಿಫಿನ್ ಆರಂಭವಾಯಿತು, ಸಂಗ್ರಹವನ್ನೂ ಓದಿತು, ಆದರೆ ಹಾರ್ಡ್‌ವೇರ್ ವೇಗವರ್ಧನೆ ಆಯ್ದ ಮರುಕ್ಷಣ ಯಾವ ವಿಡಿಯೊ ಹಚ್ಚಿದರೂ ಪ್ಲೇಯರ್ ತಪ್ಪು ತೋರಿಸಿ ನಿಂತಿತು. ಲಾಗ್ ಕಡತ ತೆರೆದಾಗ, ವಿಡಿಯೊ ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಸಾಧನವನ್ನು ತೆರೆಯಲು ಹೋಗಿ ಅನುಮತಿ ಇಲ್ಲದೆ ಮರಳಿದ್ದು ಕಂಡಿತು. ಸಾಧನ ಒಳಗೆ ಬಂದಿತ್ತು. ಅದನ್ನು ಮುಟ್ಟುವ ಹಕ್ಕು ಬಂದಿರಲಿಲ್ಲ. ಸುರಕ್ಷತೆಗಾಗಿ ನಾನು ಜೆಲ್ಲಿಫಿನ್ ಅನ್ನು ರೂಟ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿ ನಡೆಸದೆ ಸಾಮಾನ್ಯ ಬಳಕೆದಾರನಾಗಿ ನಡೆಸುತ್ತಿದ್ದೆ, ಮತ್ತು ಆ ಸಾಧನವನ್ನು ತೆರೆಯುವ ಹಕ್ಕು ‘ರೆಂಡರ್’ ಎಂಬ ಗುಂಪಿನವರಿಗೆ ಮಾತ್ರ ಇರುತ್ತದೆ.

ಕಂಪೋಸ್ ಕಡತದಲ್ಲಿ ಹೆಚ್ಚುವರಿ ಗುಂಪು ಎಂದು ‘ರೆಂಡರ್’ ಹೆಸರನ್ನೇ ಬರೆದದ್ದು ನನ್ನ ಮುಂದಿನ ತಪ್ಪು. ಗುಂಪಿನ ಹೆಸರನ್ನು ಕಂಟೈನರ್ ತನ್ನೊಳಗಿನ ಪಟ್ಟಿಯಲ್ಲಿ ಹುಡುಕುತ್ತದೆ. ಹೊರಗಿನ ಯಂತ್ರದ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕರ್ನೆಲ್ ನೋಡುವುದು ಸಂಖ್ಯೆಯನ್ನು ಮಾತ್ರ. ಆದ್ದರಿಂದ ಹೊರಗಿನ ಯಂತ್ರದಲ್ಲಿ ‘ರೆಂಡರ್’ ಗುಂಪಿನ ಸಂಖ್ಯೆ ಏನಿದೆಯೋ ಅದನ್ನೇ ಬರೆಯಬೇಕು. ನನ್ನಲ್ಲಿ ಅದು 105 ಇತ್ತು. ಬರೆದು ಕಂಟೈನರ್ ಮತ್ತೆ ಎಬ್ಬಿಸಿದ ಮೇಲೆ ಮೊದಲ ಬಾರಿಗೆ ಚಿತ್ರ ನಿರಾಯಾಸವಾಗಿ ಓಡಿತು. ಒಂದೂವರೆ ವರ್ಷದ ನಂತರ ಎಸ್‌ಎಸ್‌ಡಿ ಬದಲಿಸಿ ಡೆಬಿಯನ್ ಹೊಸದಾಗಿ ಹಾಕಿದಾಗ ಅದೇ ಗುಂಪಿನ ಸಂಖ್ಯೆ 992 ಆಗಿತ್ತು, ಹಳೆಯ ಕಂಪೋಸ್ ಕಡತದಲ್ಲಿ 105 ಹಾಗೆಯೇ ಉಳಿದಿತ್ತು, ಮತ್ತೆ ಅದೇ ತಪ್ಪು ಸಂದೇಶ ಬಂತು. ಈ ಬಾರಿ ಐದು ನಿಮಿಷ ಸಾಕಾಯಿತು. ಅನುಮತಿಯ ಗೊಂದಲ ತಪ್ಪಿಸಲು ಕಂಟೈನರಿಗೆ ‘ಪ್ರಿವಿಲೆಜ್ಡ್’ ಹಕ್ಕು ಕೊಟ್ಟುಬಿಡಿ ಎಂದು ಕೆಲವರು ಹೇಳುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಾಧನ ಮುಟ್ಟಲು ಬೇಕಾದ ಹಕ್ಕಿಗಾಗಿ ಇಡೀ ಯಂತ್ರದ ಬೀಗದ ಕೈ ಕೊಟ್ಟಂತಾಗುತ್ತದೆ. ಇದೇ ಕಾರಣಕ್ಕೆ ಸಂಗ್ರಹದ ಕೋಶವನ್ನೂ ಓದಲು ಮಾತ್ರ ಬರುವಂತೆ ಜೋಡಿಸಿದ್ದೇನೆ. ಅಪ್ಪಯ್ಯನ ಕ್ಯಾಸೆಟ್‌ಗಳನ್ನು ಯಾವ ತಂತ್ರಾಂಶವೂ ಅಳಿಸಬಾರದು.

ಸಂತೋಷದ ಸಂಗತಿಯೆಂದರೆ ಡ್ರೈವರ್‌ಗಳಿಗಾಗಿ ಹೊರಗಿನ ಯಂತ್ರದಲ್ಲಿ ತಡಕಾಡಬೇಕಾಗಿಲ್ಲ. ಜೆಲ್ಲಿಫಿನ್ ತಂಡ ಎಫ್‌ಎಫ್‌ಎಂಪೆಗ್ ಅನ್ನು ತಮ್ಮ ಅಗತ್ಯಕ್ಕೆ ತಿದ್ದಿ, ಇಂಟೆಲ್‌ನ ವಿಡಿಯೊ ಡ್ರೈವರ್ ಸಹಿತ ಅಧಿಕೃತ ಇಮೇಜಿನೊಳಗೇ (ಕಂಟೈನರ್ ಎಬ್ಬಿಸುವ ಸಿದ್ಧ ಅಚ್ಚಿನೊಳಗೇ) ಇಟ್ಟಿದೆ. ಹೊರಗೆ ಬೇಕಾದದ್ದು ಕರ್ನೆಲ್ ಮತ್ತು ಫರ್ಮ್‌ವೇರ್ ಎರಡೇ. ಕಂಟೈನರ್ ಪದ್ಧತಿಯ ನಿಜವಾದ ಉಪಕಾರ ನನಗೆ ಕಂಡದ್ದು ಇಲ್ಲಿ.

ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡಿನಲ್ಲಿ ಕ್ಯುಎಸ್‌ವಿ (ಕ್ವಿಕ್ ಸಿಂಕ್) ಆಯ್ದು, ಎನ್100 ಬಿಚ್ಚಬಲ್ಲ ರೂಪಗಳಿಗೆ ಮಾತ್ರ ಗುರುತು ಹಾಕಿದರೆ ಸಾಕು. ಎಲ್ಲಕ್ಕೂ ಗುರುತು ಹಾಕಿದರೆ ಹೆಚ್ಚು ಲಾಭ ಎಂದುಕೊಳ್ಳಬಾರದು. ಯಂತ್ರಕ್ಕೆ ಬಾರದ ರೂಪಕ್ಕೆ ಗುರುತು ಹಾಕಿದಾಗ ಪ್ಲೇಬ್ಯಾಕ್ ಸೋಲುತ್ತದೆ. ಕೆಲಸ ನಿಜಕ್ಕೂ ಗ್ರಾಫಿಕ್ಸ್ ಭಾಗದಲ್ಲಿ ನಡೆಯುತ್ತಿದೆಯೇ ಎಂದು ತಿಳಿಯಲು ಇಂಟೆಲ್ ಜಿಪಿಯು ಟಾಪ್ ಎಂಬ ಸಣ್ಣ ಸಾಧನವಿದೆ. ವಿಡಿಯೊ ಓಡುವಾಗ ಅದರ ‘ವಿಡಿಯೊ’ ಸಾಲು ಏರಬೇಕು, ಪ್ರೊಸೆಸರ್ ಹೆಚ್ಚು ದಣಿಯಬಾರದು. ನಮ್ಮಲ್ಲಿ 4ಕೆ ಎಚ್‌ಇವಿಸಿ ವಿಡಿಯೊವೊಂದನ್ನು 1080ಪಿ ಎಚ್.264 ಆಗಿ ಅಮ್ಮನ ಟಿವಿಗೆ ಕಳಿಸುತ್ತಿರುವಾಗಲೇ ಅಕ್ಕ ಬೆಂಗಳೂರಿನಿಂದ ಇನ್ನೊಂದನ್ನು ನೋಡಿದರೂ ಎರಡೂ ಕಡೆ ತಡೆ ಬಂದಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೂರು ಪರದೆಗಳಿಗೆ ಒಟ್ಟಿಗೆ ಕಳಿಸಿದ್ದೂ ಇದೆ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗನ ಉಪನಯನವನ್ನು ಭಾವ ಐಫೋನಿನಲ್ಲಿ ಚಿತ್ರಿಸಿದ್ದರು. ಅದು ಎಚ್‌ಡಿಆರ್ ಚಿತ್ರಣ. ಹಳೆಯ ಟಿವಿಗೆ ಎಚ್‌ಡಿಆರ್ ಗೊತ್ತಿಲ್ಲ. ಮೊದಲ ಸಲ ಹಚ್ಚಿದಾಗ ರೇಷ್ಮೆಯ ಕೆಂಪು, ಅರಿಶಿನ, ಹೋಮದ ಬೆಂಕಿ ಎಲ್ಲವೂ ಬೂದಿ ಬಳಿದಂತೆ ಪೇಲವವಾಗಿ ಕಂಡವು. ಟೋನ್ ಮ್ಯಾಪಿಂಗ್ ಎಂಬ ಆಯ್ಕೆ ಹಾಕಿದ ಮೇಲೆ ಸರ್ವರ್ ಆ ವಿಶಾಲ ಬೆಳಕಿನ ಶ್ರೇಣಿಯನ್ನು ಸಾಮಾನ್ಯ ಪರದೆಯ ಮಿತಿಗೆ ಹೊಂದಿಸಿ ಕಳಿಸತೊಡಗಿತು, ಬಣ್ಣಗಳು ಬಂದವು. ಈ ಲೆಕ್ಕಾಚಾರವನ್ನು ಗ್ರಾಫಿಕ್ಸ್ ಭಾಗವೇ ಮಾಡುತ್ತದೆ. ಸಾಮಾನ್ಯ ಕೋರ್‌ಗಳ ಮೇಲೆ ಬಿದ್ದಿದ್ದರೆ ಎನ್100 ಸೋಲುತ್ತಿತ್ತು.

ಯಕ್ಷಗಾನದ ಕ್ಯಾಸೆಟ್‌ಗಳು ಬೇರೆಯದೇ ಪಾಠ ಕಲಿಸಿದವು. ಮಿನಿ ಡಿವಿ ಚಿತ್ರ ಇಂಟರ್‌ಲೇಸ್ಡ್ ಆಗಿರುತ್ತದೆ: ಸೆಕೆಂಡಿಗೆ 50 ಬಾರಿ, ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಅದನ್ನು ಹಾಗೆಯೇ ಹೊಸ ಪರದೆಯಲ್ಲಿ ತೋರಿಸಿದರೆ ವೇಷಧಾರಿ ನಿಂತಾಗ ಸರಿಯಾಗಿ ಕಾಣುತ್ತದೆ, ಮಂಡಿ ಕುಣಿತಕ್ಕೆ ಇಳಿದ ಕೂಡಲೇ ಅಂಚುಗಳೆಲ್ಲ ಬಾಚಣಿಗೆಯ ಹಲ್ಲಿನಂತಾಗುತ್ತವೆ. ಗೆರೆಗಳನ್ನು ಕೂಡಿಸಿ ಸೆಕೆಂಡಿಗೆ 25 ಚೌಕಟ್ಟು ಮಾಡಿದರೆ ಹಲ್ಲುಗಳು ಹೋಗುತ್ತವೆ, ಆದರೆ ದಿಗಿಣದ ಓಘವೂ ಹೋಗುತ್ತದೆ. ಚೆಂಡೆಯ ಪೆಟ್ಟಿಗೂ ಕಾಲಿಗೂ ನಡುವೆ ಇರುವ ನಂಟು ಕಣ್ಣಿಗೆ ಸಡಿಲವಾಗಿ ಕಾಣುತ್ತದೆ. 50 ಚೌಕಟ್ಟುಗಳನ್ನು ಉಳಿಸಿಕೊಳ್ಳಲೇಬೇಕು. ಜೆಲ್ಲಿಫಿನ್‌ನಲ್ಲಿ ಡೀಇಂಟರ್‌ಲೇಸಿಂಗ್ ವೇಳೆ ಚೌಕಟ್ಟಿನ ದರವನ್ನು ಇಮ್ಮಡಿಗೊಳಿಸುವ ಆಯ್ಕೆ ಇದೆ, ಡಿವಿಡಿಗಳಿಗೆ ಅದನ್ನೇ ಬಳಸುತ್ತೇನೆ. ಆದರೆ ಡಿವಿ ರೂಪವನ್ನು ಬಿಚ್ಚುವ ಸರ್ಕ್ಯೂಟ್ ಇಂಟೆಲ್‌ನಲ್ಲಿ ಇಲ್ಲ. ಹಾಗಾಗಿ ಎಲ್ಲ 40 ಕ್ಯಾಸೆಟ್‌ಗಳನ್ನೂ ಒಂದೇ ಬಾರಿಗೆ 50 ಚೌಕಟ್ಟಿನ ಎಚ್.264 ಆಗಿ ಪರಿವರ್ತಿಸಿ ಇಟ್ಟೆ, ಮೂಲ ಡಿವಿ ಕಡತಗಳನ್ನು ಬೇರೆ ಡಿಸ್ಕಿಗೆ ಸೇರಿಸಿದೆ. ಈಗ ಅವು ಯಾವ ಪರದೆಯಲ್ಲೂ ಪರಿವರ್ತನೆಯಿಲ್ಲದೆ ನೇರವಾಗಿ ಓಡುತ್ತವೆ. ಪದೇಪದೇ ನೋಡುವ ವಿಡಿಯೊಗಳನ್ನು ಹೀಗೆ ಮೊದಲೇ ಸಿದ್ಧಮಾಡಿ ಇಡುವುದು ಆಗಿಂದಾಗಲೇ ಪರಿವರ್ತಿಸುವುದಕ್ಕಿಂತ ಎಷ್ಟೋ ಮೇಲು. ಹಾರ್ಡ್‌ವೇರ್ ವೇಗವರ್ಧನೆ ಇದೆಯೆಂದು ಅದನ್ನು ಪ್ರತಿ ಬಾರಿಯೂ ದುಡಿಸಬೇಕೆಂದೇನೂ ಇಲ್ಲ.

ಅಮ್ಮನಿಗೆ ಈಚೆಗೆ ಕಿವಿ ಮಂದವಾಗಿದೆ. ಭಾಗವತರ ಪದ್ಯದ ಸಾಹಿತ್ಯ ಕೇಳಿಸದು ಎಂದು ಅವರು ಹೇಳಿದ್ದರಿಂದ ಐದು ಪ್ರಸಂಗಗಳ ಪದ್ಯಗಳನ್ನು ನಾನು ಕನ್ನಡದಲ್ಲಿ ಉಪಶೀರ್ಷಿಕೆಗಳಾಗಿ ಟೈಪ್ ಮಾಡಿದೆ. ಫೋನಿನಲ್ಲಿ ಚೆನ್ನಾಗಿ ಕಂಡವು. ಟಿವಿಯ ಸ್ಟಿಕ್‌ನಲ್ಲಿ ಕನ್ನಡ ಫಾಂಟ್ ಇಲ್ಲದ ಕಾರಣ ಬರೀ ಚೌಕಗಳು. ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿ ಕಳಿಸುವಂತೆ ಸರ್ವರಿಗೆ ಹೇಳಿದೆ. ಆಗಲೂ ಚೌಕಗಳೇ ಬಂದವು, ಏಕೆಂದರೆ ಈಗ ಅಕ್ಷರ ಬರೆಯುವುದು ಕಂಟೈನರ್, ಅದರೊಳಗೂ ಕನ್ನಡ ಫಾಂಟ್ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟ್ ಇರುವ ಕೋಶವನ್ನು ಕಂಟೈನರಿನ ಫಾಂಟ್ ಕೋಶಕ್ಕೆ ಜೋಡಿಸಿದ ಮೇಲೆ ಅಕ್ಷರಗಳು ಮೂಡಿದವು, ಒತ್ತಕ್ಷರಗಳೂ ಅವುಗಳ ಜಾಗದಲ್ಲೇ ಕೂತವು. ಕನ್ನಡದ ಉಪಶೀರ್ಷಿಕೆ ಬಳಸುವ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು. ಅಚ್ಚೊತ್ತುವಾಗ ಅಕ್ಷರ ಬರೆಯುವುದು ಪ್ರೊಸೆಸರ್, ಅದನ್ನು ಚಿತ್ರದ ಮೇಲೆ ಕೂರಿಸುವುದು ಗ್ರಾಫಿಕ್ಸ್ ಭಾಗ. ಭಾರ ಸ್ವಲ್ಪ ಏರಿದರೂ ತೊಂದರೆಯಾಗುವಷ್ಟಲ್ಲ.

ಪರಿವರ್ತನೆಯ ತಾತ್ಕಾಲಿಕ ತುಣುಕುಗಳನ್ನು ಎಸ್‌ಎಸ್‌ಡಿಯ ಬದಲು ರ‍್ಯಾಮಿನಲ್ಲಿ ಇಡಲು 4 ಜಿಬಿ ಮೀಸಲಿಟ್ಟಿದ್ದೆ. ಸೆಕೆಂಡಿಗೆ 8 ಮೆಗಾಬಿಟ್ ಎಂದರೆ ಗಂಟೆಗೆ 3.6 ಜಿಬಿ ಎಂಬ ಲೆಕ್ಕ ಹಾಕದೆ ಇಟ್ಟ ಕಾರಣ, ಒಂದು ಗಂಟೆ ಚಿಲ್ಲರೆ ಆಗುತ್ತಿದ್ದಂತೆ ಜಾಗ ತುಂಬಿ ಚಿತ್ರ ನಿಲ್ಲುತ್ತಿತ್ತು. 2024ರ ಮೇ ತಿಂಗಳಲ್ಲಿ ಬಂದ ಜೆಲ್ಲಿಫಿನ್ 10.9ರಲ್ಲಿ ನೋಡಿ ಮುಗಿಸಿದ ತುಣುಕುಗಳನ್ನು ಅಳಿಸುವ ಆಯ್ಕೆ ಸಿಕ್ಕಿದ ಮೇಲೆ ಇದು ಬಗೆಹರಿಯಿತು.

ಆವೃತ್ತಿ ಏರಿಸುವುದರ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕಂಪೋಸ್ ಕಡತದಲ್ಲಿ ಇಮೇಜಿನ ಹೆಸರಿನ ಮುಂದೆ ‘ಲೇಟೆಸ್ಟ್’ ಎಂದು ಬರೆದು ಬಿಡುವುದು ಸುಲಭ, ಆದರೆ ಆಗ ಮುಂದಿನ ಸಲ ಇಮೇಜ್ ಇಳಿಸಿಕೊಂಡಾಗ ಯಾವ ಆವೃತ್ತಿ ಒಳಗೆ ಬರುತ್ತದೆ ಎಂಬುದು ನಮ್ಮ ಕೈಯಲ್ಲಿ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಬಂದ 10.11 ತನ್ನ ಡೇಟಾಬೇಸಿನ ರಚನೆಯನ್ನೇ ಬದಲಿಸಿತು. ಮೊದಲ ಬಾರಿ ಎದ್ದಾಗ ಹಳೆಯ ದತ್ತಾಂಶವನ್ನೆಲ್ಲ ಹೊಸ ರಚನೆಗೆ ಸಾಗಿಸುತ್ತದೆ, ಒಮ್ಮೆ ಸಾಗಿಸಿದ ಮೇಲೆ ಹಿಂದಿನ ಆವೃತ್ತಿಗೆ ಮರಳಬೇಕಾದರೆ ಬ್ಯಾಕಪ್ ಒಂದೇ ದಾರಿ. ನಾನು ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರಿಂದ ಎರಡು ತಿಂಗಳು ಕಾದು, ಕಂಟೈನರ್ ನಿಲ್ಲಿಸಿ, ಕಾನ್ಫಿಗ್ ಕೋಶದ ಪೂರ್ಣ ನಕಲು ತೆಗೆದು, ನಂತರ ಏರಿಸಿದೆ. ಸಾಗಣೆ ನಡೆಯುವಾಗ ವಿದ್ಯುತ್ ಹೋದರೆ ಅನಾಹುತ. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿನಿ ಪಿಸಿಗೂ ರೂಟರಿಗೂ ಸೇರಿ ಒಂದು ಯುಪಿಎಸ್ ಖಂಡಿತ ಇರಲಿ.

ಹೊರಗಿನಿಂದ ನೋಡುವ ವ್ಯವಸ್ಥೆ ಜೆಲ್ಲಿಫಿನ್‌ನ ಜೊತೆಗೆ ಬರುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು. ನಮ್ಮ ಫೈಬರ್ ಸಂಪರ್ಕ ಅನೇಕ ಮನೆಗಳಿಗೆ ಒಂದೇ ಹೊರವಿಳಾಸ ಹಂಚುವ ಸಿಜಿನ್ಯಾಟ್ ಹಿಂದೆ ಇರುವುದರಿಂದ ಪೋರ್ಟ್ ತೆರೆದು ಪ್ರಯೋಜನವಿಲ್ಲ, ತೆರೆಯುವುದು ಸುರಕ್ಷಿತವೂ ಅಲ್ಲ. ಟೇಲ್‌ಸ್ಕೇಲ್ ಹಾಕಿ ಅಕ್ಕನ ಲ್ಯಾಪ್‌ಟಾಪನ್ನು ನಮ್ಮ ಖಾಸಗಿ ಜಾಲಕ್ಕೆ ಸೇರಿಸಿದ್ದೇನೆ. ಅವಳ ಖಾತೆಗೆ ಸೆಕೆಂಡಿಗೆ 6 ಮೆಗಾಬಿಟ್ ಮಿತಿ ಇಟ್ಟಿದ್ದೇನೆ. ಆ ಮಿತಿಗೆ ತಕ್ಕಂತೆ ಚಿತ್ರವನ್ನು ಕುಗ್ಗಿಸುವ ಕೆಲಸವೂ ಕ್ವಿಕ್ ಸಿಂಕ್‌ನದೇ.

ಕೊರತೆಗಳೂ ಇವೆ. ಕನ್ನಡ ಚಿತ್ರಗಳ ವಿವರಗಳನ್ನು ತಾನಾಗಿ ತರುವುದರಲ್ಲಿ ಜೆಲ್ಲಿಫಿನ್ ಅಷ್ಟು ನೆಚ್ಚಿಕೆಯದಲ್ಲ. ಅದು ಆಧರಿಸುವ ಮುಕ್ತ ಮಾಹಿತಿ ಕೋಶಗಳಲ್ಲಿ ಕನ್ನಡದ ಬರಹವೇ ಕಡಿಮೆ. ಕಡತದ ಹೆಸರಿನಲ್ಲಿ ವರ್ಷ ಸೇರಿಸಿದರೆ ಗುರುತಿಸುವುದು ಸುಧಾರಿಸುತ್ತದೆ, ವಿವರಣೆಯನ್ನು ಮಾತ್ರ ಕೈಯಾರೆ ಬರೆಯಬೇಕು. ಕೆಲವು ಟಿವಿಗಳಿಗೆ ಅಧಿಕೃತ ಆ್ಯಪ್ ಸುಲಭವಾಗಿ ಸಿಗುವುದಿಲ್ಲ. ಒಂದೇ ಆ್ಯಪ್ ಫೋನಿನಲ್ಲಿ ಒಂದು ಥರ, ಟಿವಿಯಲ್ಲಿ ಇನ್ನೊಂದು ಥರ ಇರುವುದು ಹಿರಿಯರಿಗೆ ಗೊಂದಲ. ಇಂಥದೇ ಇನ್ನೊಂದು ಸರ್ವರ್ ಆದ ಪ್ಲೆಕ್ಸ್ ಈ ವಿಷಯಗಳಲ್ಲಿ ಹೆಚ್ಚು ನಯವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ ಹಣ ಕೊಡಬೇಕು, 2025ರ ಏಪ್ರಿಲ್ ಕೊನೆಯಿಂದ ಹೊರಗಿನಿಂದ ವಿಡಿಯೊ ನೋಡುವುದಕ್ಕೂ ಕೊಡಬೇಕು. ಎಂಬಿ ಎಂಬ ಮತ್ತೊಂದು ಸರ್ವರಿನಲ್ಲೂ ಹಾರ್ಡ್‌ವೇರ್ ವೇಗವರ್ಧನೆ ಚಂದಾದಾರರಿಗೆ ಮೀಸಲು. ಎಂಬಿ ತನ್ನ ಮೂಲಸಂಕೇತವನ್ನು ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ ಅದರ ಕೊನೆಯ ಮುಕ್ತ ಆವೃತ್ತಿಯಿಂದ ಸ್ವಯಂಸೇವಕರು ಕವಲೊಡೆಸಿದ್ದೇ ಜೆಲ್ಲಿಫಿನ್. ಆ ಸ್ವಯಂಸೇವಕರ ಬಗ್ಗೆ ನನಗೆ ಮನಸಾರೆ ಗೌರವವಿದೆ.

ವಿದ್ಯುತ್ತಿನ ಲೆಕ್ಕ ಸರಳ. ಅಳತೆ ಮಾಡಿದಾಗ ಪೆಟ್ಟಿಗೆ ಮತ್ತು ಡಿಸ್ಕ್ ಸೇರಿ ಸರಾಸರಿ 10 ವಾಟ್ ಎಳೆಯುತ್ತವೆ, ತಿಂಗಳಿಗೆ ಸುಮಾರು ಏಳು ಯೂನಿಟ್ ಆಗುತ್ತದೆ. ಹಳೆಯ ಡೆಸ್ಕ್‌ಟಾಪ್ 65 ವಾಟ್ ಎಳೆಯುತ್ತಿತ್ತು, ಅಂದರೆ ತಿಂಗಳಿಗೆ ಸುಮಾರು 47 ಯೂನಿಟ್; ಗೃಹಜ್ಯೋತಿಯ ನಮ್ಮ ಮಿತಿಯನ್ನು ಅದೊಂದೇ ದಾಟಿಸಿಬಿಡುತ್ತಿತ್ತು.

ಹೊಸದಾಗಿ ಕಟ್ಟಿಕೊಳ್ಳುವವರು ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಮನೆಯ ಅತಿ ಹಳೆಯ ಪರದೆ ಯಾವುದು, ಅದರಲ್ಲಿ ನೋಡುವವರು ಯಾರು ಎಂದು ಮೊದಲು ವಿಚಾರಿಸಿಕೊಳ್ಳಿ. ಆ ಪರದೆಗೆ ಚಿತ್ರ ಸರಿಯಾಗಿ ತಲುಪಿದರೆ ಉಳಿದವಕ್ಕೆಲ್ಲ ತಾನಾಗಿ ತಲುಪುತ್ತದೆ. ನಮ್ಮಲ್ಲಿ ಅದು ಅಮ್ಮನ ಟಿವಿ. ಉಳಿದ ಪ್ರಸಂಗಗಳಿಗೂ ಪದ್ಯ ಬರೆದು ಹಾಕು ಎಂದು ಅವರು ಕೇಳಿದ್ದಾರೆ. ಆರನೆಯದರ ಕೆಲಸ ನಡೆದಿದೆ.